ಬೆಲೆ ಕೇಳಲು ಬಂದವರಿಗೆ ಮೊದಲು ಖಾತೆ ತೆರೆಯಿರಿ ಎಂದ ವೆಬ್‌ಸೈಟ್: ಹೆಲ್ತ್‌ಕೇರ್ ಡಾಟ್ ಗವ್, 2013

2013ರ ಅಕ್ಟೋಬರ್ 1ರಂದು ಅಮೆರಿಕ ಸರ್ಕಾರ ಆರೋಗ್ಯ ವಿಮೆ ಕೊಳ್ಳುವ ಒಂದು ವೆಬ್‌ಸೈಟನ್ನು ಜನರಿಗೆ ತೆರೆಯಿತು. ಹೆಸರು ಹೆಲ್ತ್‌ಕೇರ್ ಡಾಟ್ ಗವ್. ಮೊದಲ 24 ಗಂಟೆಗಳಲ್ಲಿ 47 ಲಕ್ಷ ಜನ ಅಲ್ಲಿಗೆ ಬಂದರು. ಕೊನೆಯವರೆಗೆ ಹೋಗಿ ವಿಮೆ ಆರಿಸಿಕೊಂಡವರು 6 ಜನ. ಎರಡನೇ ದಿನ ಮುಗಿಯುವ ಹೊತ್ತಿಗೆ ಅದು 248 ಆಗಿತ್ತು. ಈ ಲೆಕ್ಕ ಹೊರಗೆ ಬಂದದ್ದು ಆ ತಿಂಗಳ ಕೊನೆಗೆ, ಅಮೆರಿಕದ ಸಂಸತ್ತಿನ ಒಂದು ಸಮಿತಿ ಒಳಗಿನ ಸಭೆಗಳ ಟಿಪ್ಪಣಿಗಳನ್ನು ಬಿಡುಗಡೆ ಮಾಡಿದಾಗ.

ಇದನ್ನು ಸಾಮಾನ್ಯವಾಗಿ ಸರ್ವರ್ ಕುಸಿದ ಪ್ರಕರಣ ಎಂದು ಹೇಳುತ್ತಾರೆ. ಸರ್ವರ್ ಕುಸಿದದ್ದು ನಿಜ. ಕೋಡ್‌ನಲ್ಲಿ ನೂರಾರು ತಪ್ಪುಗಳಿದ್ದದ್ದೂ ನಿಜ. ಆದರೆ ಅಷ್ಟೊಂದು ಜನ ಒಂದೇ ಕಡೆ ಬಂದು ಸಿಕ್ಕಿಹಾಕಿಕೊಂಡದ್ದು ಯಾಕೆ ಎಂದು ಹುಡುಕುತ್ತಾ ಹೋದರೆ, ದಾರಿ ಒಂದು ವಿನ್ಯಾಸದ ತೀರ್ಮಾನಕ್ಕೆ ಬಂದು ನಿಲ್ಲುತ್ತದೆ. ಜನ ಬಂದದ್ದು "ನನಗೆ ಇದು ಎಷ್ಟಕ್ಕೆ ಬೀಳುತ್ತದೆ?" ಎಂದು ತಿಳಿಯಲು. ವೆಬ್‌ಸೈಟ್ ಮೊದಲು ಕೇಳಿದ್ದು "ನೀವು ಯಾರು?" ಎಂದು. ಈ ಎರಡು ಪ್ರಶ್ನೆಗಳ ಕ್ರಮ ಅದಲುಬದಲಾದದ್ದೇ ಈ ಪ್ರಕರಣದ ತಿರುಳು ಎಂದು ನಾನು ನಂಬಿದ್ದೇನೆ. ಯುಎಕ್ಸ್, ಅಂದರೆ ಬಳಸುವವರ ಅನುಭವ ರೂಪಿಸುವ ಕೆಲಸ ಮಾಡುವವರು ಇದನ್ನು ಒಮ್ಮೆಯಾದರೂ ಹಂತ ಹಂತವಾಗಿ ಬಿಚ್ಚಿ ನೋಡಬೇಕು.

ಹಿನ್ನೆಲೆ

2010ರ ಮಾರ್ಚ್ 23ರಂದು ಅಧ್ಯಕ್ಷ ಬರಾಕ್ ಒಬಾಮಾ ಆರೋಗ್ಯ ವಿಮೆಯ ಹೊಸ ಕಾನೂನಿಗೆ ಸಹಿ ಹಾಕಿದರು. ಜನ ಅದನ್ನು ಒಬಾಮಾಕೇರ್ ಎಂದೇ ಕರೆದರು. 2014ರಿಂದ ಹೆಚ್ಚುಕಡಿಮೆ ಎಲ್ಲರ ಬಳಿಯೂ ವಿಮೆ ಇರಬೇಕು, ಇಲ್ಲದಿದ್ದರೆ ದಂಡ ಎಂದು ಆ ಕಾನೂನು ಹೇಳಿತು. ಮೊದಲ ವರ್ಷದ ದಂಡ 95 ಡಾಲರ್ ಅಥವಾ ಆದಾಯದ ಶೇಕಡಾ 1, ಇವೆರಡರಲ್ಲಿ ಯಾವುದು ಜಾಸ್ತಿಯೋ ಅದು. ಆದಾಯ ಕಡಿಮೆ ಇದ್ದವರಿಗೆ ಸರ್ಕಾರ ಕಂತಿನ ಒಂದು ಭಾಗ ಕೊಡುತ್ತಿತ್ತು. ಬಡತನ ರೇಖೆಯಿಂದ ಹಿಡಿದು ಅದರ ನಾಲ್ಕು ಪಟ್ಟು ಆದಾಯದವರೆಗೆ ಈ ನೆರವು ಸಿಗುತ್ತಿತ್ತು.

ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸಕ್ಕೆ ಹೋದ ನಮ್ಮವರಿಗೆ ಸಾಮಾನ್ಯವಾಗಿ ಕಂಪನಿಯೇ ವಿಮೆ ಕೊಡಿಸುತ್ತದೆ. ಹಾಗಾಗಿ ಈ ವೆಬ್‌ಸೈಟಿನ ಬಿಸಿ ಅವರಿಗೆ ಅಷ್ಟಾಗಿ ತಟ್ಟಿರಲಿಕ್ಕಿಲ್ಲ. ಇಲ್ಲಿಗೆ ಬರಬೇಕಾಗಿದ್ದವರು ಬೇರೆಯೇ ಜನ. ಸ್ವಂತ ಸಣ್ಣ ಕೆಲಸ ಮಾಡುವವರು, ಅರೆಕಾಲಿಕ ಕೆಲಸದವರು, ಹಳೆಯ ಕಾಯಿಲೆ ಇದೆ ಎಂದು ವಿಮೆ ಕಂಪನಿಗಳು ಹಿಂದೆ ವಾಪಸ್ ಕಳಿಸಿದ್ದವರು. ಅವರಲ್ಲಿ ಎಷ್ಟೋ ಜನ ಅಲ್ಲಿಯವರೆಗೆ ತಾವಾಗಿ ವಿಮೆ ಕೊಂಡವರೇ ಅಲ್ಲ. ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮುಂದಿನದನ್ನು ಓದಬೇಕು.

ರಾಜ್ಯಗಳು ಬೇಕಾದರೆ ತಮ್ಮದೇ ವೆಬ್‌ಸೈಟ್ ಕಟ್ಟಿಕೊಳ್ಳಬಹುದಿತ್ತು. 14 ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ಹಾಗೆ ಮಾಡಿದವು. ಉಳಿದ 36 ರಾಜ್ಯಗಳ ಜನರೆಲ್ಲ ಕೇಂದ್ರದ ಹೆಲ್ತ್‌ಕೇರ್ ಡಾಟ್ ಗವ್‌ಗೆ ಬರಬೇಕಾಯಿತು. ಅದರ ಹೊಣೆ ಸಿಎಂಎಸ್ ಎಂಬ ಸರ್ಕಾರಿ ಸಂಸ್ಥೆಯದು. ಕೆಲಸ 50ಕ್ಕೂ ಹೆಚ್ಚು ಗುತ್ತಿಗೆದಾರರ ನಡುವೆ ಹಂಚಿಹೋಗಿತ್ತು. ಅದರಲ್ಲಿ ದೊಡ್ಡ ಪಾಲು ಸಿಜಿಐ ಫೆಡರಲ್ ಕಂಪನಿಯದು.

ಮೊದಲ ದಿನ ಬಂದವರು ನೋಡಿದ್ದು

ಮುಖಪುಟ ಚೆನ್ನಾಗಿಯೇ ಇತ್ತು. ಅದನ್ನು ಹೊಗಳಲೇಬೇಕು. ವಿಮೆ ಎಂದರೇನು, ಯಾರಿಗೆ ನೆರವು ಸಿಗುತ್ತದೆ, ಯಾವಾಗ ಅರ್ಜಿ ಹಾಕಬೇಕು ಎಂಬ ಮಾಹಿತಿ ಪುಟಗಳನ್ನು 2013ರ ಜೂನ್‌ನಲ್ಲೇ ಹೊಸದಾಗಿ ಕಟ್ಟಿದ್ದರು. ಅವೆಲ್ಲ ಮೊದಲೇ ಸಿದ್ಧ ಮಾಡಿಟ್ಟ ಹಗುರವಾದ ಸ್ಥಿರ ಪುಟಗಳು. ಡೇಟಾಬೇಸ್ ಮುಟ್ಟುವ ಕೆಲಸವೇ ಅಲ್ಲಿರಲಿಲ್ಲ. ಅಕ್ಟೋಬರ್‌ನ ಗದ್ದಲದಲ್ಲೂ ಆ ಭಾಗ ನಿಂತಿತ್ತು.

ತೊಂದರೆ ಶುರುವಾದದ್ದು "ಅರ್ಜಿ ಹಾಕಿ" ಎಂಬ ಗುಂಡಿ ಒತ್ತಿದ ಮೇಲೆ. ದಾರಿ ಹೀಗಿತ್ತು. ಮೊದಲು ಖಾತೆ ತೆರೆಯಬೇಕು. ಬಳಕೆದಾರ ಹೆಸರು, ಪಾಸ್‌ವರ್ಡ್, ಭದ್ರತೆಯ ಪ್ರಶ್ನೆಗಳು. ಆಮೇಲೆ ಇಮೇಲ್‌ಗೆ ಬಂದ ಕೊಂಡಿ ಒತ್ತಬೇಕು. ಆಮೇಲೆ ಗುರುತಿನ ಪರೀಕ್ಷೆ. ಸಾಲದ ದಾಖಲೆ ಇಡುವ ಎಕ್ಸ್‌ಪೀರಿಯನ್ ಕಂಪನಿಯ ಮಾಹಿತಿ ಇಟ್ಟುಕೊಂಡು, ನಿಮ್ಮ ಹಳೆಯ ವಿಳಾಸದಂಥ ಪ್ರಶ್ನೆಗಳನ್ನು ಕೇಳುತ್ತಿದ್ದರು. ಆಮೇಲೆ ಮನೆಯಲ್ಲಿ ಯಾರು ಯಾರಿದ್ದಾರೆ, ಯಾರ ಆದಾಯ ಎಷ್ಟು ಎಂಬ ಉದ್ದದ ಅರ್ಜಿ. ಅದನ್ನು ತೆರಿಗೆ ಇಲಾಖೆ, ಸಾಮಾಜಿಕ ಭದ್ರತೆ ಇಲಾಖೆ, ವಲಸೆ ನೋಡಿಕೊಳ್ಳುವ ಇಲಾಖೆಗಳ ದಾಖಲೆಗಳ ಜೊತೆ ತಾಳೆ ನೋಡುತ್ತಿದ್ದರು. ಇಷ್ಟೆಲ್ಲ ಆದ ಮೇಲೆ ಬರುತ್ತಿತ್ತು ವಿಮೆಗಳ ಪಟ್ಟಿ ಮತ್ತು ಬೆಲೆ.

ಆ ಮೊದಲ ಮೆಟ್ಟಿಲೇ ಎಷ್ಟು ಒರಟಾಗಿತ್ತು ನೋಡಿ. ಬಳಕೆದಾರ ಹೆಸರಿನ ಪಕ್ಕದಲ್ಲಿ ಒಂದು ಸೂಚನೆ ಇತ್ತು. ಹೆಸರು 6ರಿಂದ 74 ಅಕ್ಷರ ಇರಬೇಕು. ಅದರಲ್ಲಿ ಒಂದು ಸಣ್ಣ ಅಥವಾ ದೊಡ್ಡ ಅಕ್ಷರ, ಒಂದು ಅಂಕೆ, ಅಥವಾ ಅಡಿಗೆರೆ, ಚುಕ್ಕೆ, ಅಡ್ಡಗೆರೆಯಂಥ ಚಿಹ್ನೆಗಳಲ್ಲಿ ಒಂದು ಇರಲೇಬೇಕು. ನಿಧಾನವಾಗಿ ಓದಿದರೆ ಇದರ ಅರ್ಥ, ಏನು ಬರೆದರೂ ನಡೆಯುತ್ತದೆ ಎಂದು. ಅವಸರದಲ್ಲಿ ಓದಿದರೆ ಮೂರೂ ಬೇಕೇನೋ ಅನಿಸುತ್ತದೆ. ಯಾವುದು ಸರಿ ಎಂದು ಹೇಳಲು ಪರದೆಯಲ್ಲಿ ಒಂದು ಉದಾಹರಣೆಯೂ ಇರಲಿಲ್ಲ. ಅದನ್ನು ದಾಟಿದವರಿಗೆ ಭದ್ರತೆಯ ಪ್ರಶ್ನೆಗಳ ಪಟ್ಟಿ ಎದುರಾಗುತ್ತಿತ್ತು. ಮೊದಲ ದಿನ ಆ ಪಟ್ಟಿ ಎಷ್ಟೋ ಜನರಿಗೆ ಖಾಲಿಯಾಗಿ ತೆರೆದುಕೊಂಡಿತು. ಪ್ರಶ್ನೆಯೇ ಇಲ್ಲ, ಉತ್ತರ ಮಾತ್ರ ಕಡ್ಡಾಯ. ಹಿಂದೆ ಹೋದರೆ ಮತ್ತೆ ಮೊದಲಿನಿಂದ. ಇನ್ನು ಕೆಲವರಿಗೆ ಈಗ ಬಹಳ ಜನ ಇದ್ದಾರೆ, ಸ್ವಲ್ಪ ಕಾಯಿರಿ ಎಂಬ ಪುಟವೇ ಕಂಡಿತು. ಎಷ್ಟು ಹೊತ್ತು, ಯಾವಾಗ ವಾಪಸ್ ಬರಬೇಕು, ಅದೇನೂ ಅಲ್ಲಿರಲಿಲ್ಲ.

ಫೋನ್ ಮಾಡಿದವರಿಗೂ ಬಿಡುಗಡೆ ಇರಲಿಲ್ಲ. ಅಕ್ಟೋಬರ್ 21ರಂದು ಒಬಾಮಾ ತಾವೇ ನಿಂತು, ವೆಬ್‌ಸೈಟ್ ಆಗದಿದ್ದರೆ ಸಹಾಯವಾಣಿಗೆ ಕರೆ ಮಾಡಿ ಎಂದರು. ಆದರೆ ಸಹಾಯವಾಣಿಯ ಸಿಬ್ಬಂದಿ ಕೂಡ ಅದೇ ವ್ಯವಸ್ಥೆಗೇ ಮಾಹಿತಿ ತುಂಬಬೇಕಿತ್ತು. ಸ್ಪ್ಯಾನಿಷ್ ಮಾತನಾಡುವವರಿಗೆ ಇನ್ನೂ ಕಷ್ಟ. ಅವರ ಭಾಷೆಯಲ್ಲಿ ಆನ್‌ಲೈನ್ ಅರ್ಜಿ ಸಿಕ್ಕಿದ್ದು ಡಿಸೆಂಬರ್‌ನಲ್ಲಿ. ವಿಮೆ ಇಲ್ಲದವರಲ್ಲಿ ದೊಡ್ಡ ಪಾಲು ಅವರದ್ದೇ ಆಗಿತ್ತು. ಯಾರಿಗೆ ಜಾಸ್ತಿ ಬೇಕಿತ್ತೋ ಅವರ ಸರದಿ ಕೊನೆಗೆ ಬಂತು. ಕನ್ನಡದಲ್ಲಿ ಸರ್ಕಾರಿ ಪುಟಗಳನ್ನು ಹುಡುಕುವ ನಮಗೆ ಈ ನೋವು ಗೊತ್ತು.

ಬಾಗಿಲು ಮುಚ್ಚಿದ್ದು ಯಾಕೆ

ಈಗ ಮುಖ್ಯ ವಿಷಯ. ಮೂಲ ಯೋಜನೆಯಲ್ಲಿ ಹೀಗಿರಲಿಲ್ಲ. ಹೆಸರು ಹೇಳದೆ ಸುಮ್ನೆ ವಿಮೆಗಳನ್ನು ನೋಡಿ ಹೋಗುವ ಒಂದು ಸೌಲಭ್ಯ ಇರಬೇಕೆಂದು ಮೊದಲೇ ಬರೆದಿಟ್ಟಿದ್ದರು. ಅದನ್ನು ಕಟ್ಟುತ್ತಲೂ ಇದ್ದರು. 2013ರ ಅಕ್ಟೋಬರ್ 24ರಂದು ಸಂಸತ್ತಿನ ಸಮಿತಿಯ ಮುಂದೆ ಸಿಜಿಐ ಫೆಡರಲ್‌ನ ಚೆರಿಲ್ ಕ್ಯಾಂಪ್‌ಬೆಲ್ ಸಾಕ್ಷಿ ಹೇಳಿದರು. ಆ ಸೌಲಭ್ಯವನ್ನು ನಿಲ್ಲಿಸಿಡಲು ಸಿಎಂಎಸ್ ಸೂಚಿಸಿತ್ತು, ಅದೂ ಬಾಗಿಲು ತೆರೆಯುವ ದಿನ ಹತ್ತಿರ ಬಂದಾಗ, ಎಂದರು. ಇಡೀ ವ್ಯವಸ್ಥೆಯನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ಪರೀಕ್ಷಿಸಲು ಸಿಕ್ಕ ಸಮಯವೂ ಕೊನೆಯ ಎರಡು ವಾರ ಮಾತ್ರ.

ಯಾಕೆ ನಿಲ್ಲಿಸಿದರು ಎಂಬುದಕ್ಕೆ ಎರಡು ಉತ್ತರ ಬಂದವು. ಒಂದು, ಆ ಭಾಗ ಪರೀಕ್ಷೆಯಲ್ಲಿ ಪಾಸಾಗಲಿಲ್ಲ ಎಂದು. ಇನ್ನೊಂದು, ಸರ್ಕಾರದ ನೆರವು ಕಳೆಯದೆ ಪೂರ್ತಿ ಬೆಲೆ ತೋರಿಸಿದರೆ ಜನ ಬೆಚ್ಚಿಬೀಳುತ್ತಾರೆ, ಅದಕ್ಕೆ ಮೊದಲು ಆದಾಯ ತಿಳಿದುಕೊಂಡು ನೆರವು ಕಳೆದ ಬೆಲೆಯನ್ನೇ ತೋರಿಸೋಣ ಎಂದು. ಎರಡನೆಯದು ಕೇಳಲು ಒಳ್ಳೆಯ ಉದ್ದೇಶದಂತೆಯೇ ಇದೆ. ತಿಂಗಳಿಗೆ 400 ಡಾಲರ್ ಎಂದು ನೋಡಿ ಹೊರಟುಹೋದವನಿಗೆ, ನಿಜವಾಗಿ 120 ಡಾಲರ್‌ಗೇ ಸಿಗುತ್ತಿತ್ತು ಎಂದು ಗೊತ್ತಾಗುವುದೇ ಇಲ್ಲ, ಅಲ್ವಾ? (ಈ ಎರಡು ಅಂಕಿ ನಾನು ಉದಾಹರಣೆಗೆ ಇಟ್ಟವು.) ನಿಖರವಾದ ಬೆಲೆ ಬೇಕೆಂದರೆ ಆದಾಯ ಬೇಕು. ಆದಾಯ ಖಚಿತವಾಗಲು ಗುರುತು ಬೇಕು. ಗುರುತಿಗೆ ಖಾತೆ ಬೇಕು. ಒಂದೊಂದು ಮೆಟ್ಟಿಲೂ ತರ್ಕಕ್ಕೆ ಸರಿಯಾಗಿಯೇ ಕೂರುತ್ತದೆ.

ಆದರೆ ಇದು ಕಚೇರಿಯ ಕಡೆಯಿಂದ ನೋಡಿದ ತರ್ಕ. ಕಚೇರಿಗೆ ಬೇಕಾದ್ದು ತಪ್ಪಿಲ್ಲದ ಅರ್ಜಿ. ಬಂದವರಿಗೆ ಮೊದಲ ದಿನ ಬೇಕಾದ್ದು ಒಂದು ಅಂದಾಜು. ವಿಮೆಯಂಥ ದೊಡ್ಡ ಖರ್ಚನ್ನು ಯಾರೂ ಒಂದೇ ಸಲಕ್ಕೆ ತೀರ್ಮಾನ ಮಾಡುವುದಿಲ್ಲ. ಒಮ್ಮೆ ನೋಡುತ್ತಾರೆ, ಮನೆಯವರ ಜೊತೆ ಮಾತಾಡುತ್ತಾರೆ, ಮತ್ತೆ ಬರುತ್ತಾರೆ. ಅರ್ಜಿಗೆ 2014ರ ಮಾರ್ಚ್ 31ರವರೆಗೆ ಸಮಯ ಇತ್ತು. ಅಕ್ಟೋಬರ್ 1ರಂದು ಬಂದ 47 ಲಕ್ಷ ಜನರಲ್ಲಿ ಹೆಚ್ಚಿನವರು ನೋಡಲು ಬಂದವರೇ ಇರಬೇಕು. ನೋಡಿ ಹೋಗುವವರನ್ನೂ ಕೊಳ್ಳುವವರ ಸಾಲಿನಲ್ಲೇ ನಿಲ್ಲಿಸಿದರು.

ಭಾರ ಯಾವ ಕಡೆ ಬಿತ್ತು

ಇಲ್ಲಿ ವಿನ್ಯಾಸ ಮತ್ತು ಎಂಜಿನಿಯರಿಂಗ್ ಒಂದನ್ನೊಂದು ಮುಟ್ಟುತ್ತವೆ. ಪಿನ್‌ಕೋಡ್ ಥರದ ಝಿಪ್ ಕೋಡ್ ಮತ್ತು ವಯಸ್ಸು ಕೊಟ್ಟವರಿಗೆ ಬೆಲೆ ತೋರಿಸುವುದು ಹಗುರವಾದ ಕೆಲಸ. ಒಂದೇ ಊರಿನ, ಒಂದೇ ವಯಸ್ಸಿನ ಸಾವಿರ ಜನರಿಗೆ ಉತ್ತರ ಒಂದೇ. ಒಮ್ಮೆ ಲೆಕ್ಕ ಹಾಕಿ ಇಟ್ಟುಕೊಂಡರೆ ಮತ್ತೆ ಮತ್ತೆ ಅದನ್ನೇ ಕೊಡಬಹುದು. ಖಾತೆ ತೆರೆಯುವುದು ಹಾಗಲ್ಲ. ಪ್ರತಿಯೊಬ್ಬರಿಗೂ ಹೊಸ ದಾಖಲೆ ಬರೆಯಬೇಕು, ಇಮೇಲ್ ಕಳಿಸಬೇಕು, ಹೊರಗಿನ ಕಂಪನಿಯನ್ನು ಕೇಳಬೇಕು. ಒಂದು ಕಡೆ ಓದುವ ಕೆಲಸ, ಇನ್ನೊಂದು ಕಡೆ ಬರೆಯುವ ಕೆಲಸ. ಗುಂಪನ್ನೆಲ್ಲ ಎರಡನೆಯ ಕಡೆಗೆ ತಿರುಗಿಸಿದರು.

ಇದು ನನ್ನ ಊಹೆಯಲ್ಲ. ಅದೇ ಅಕ್ಟೋಬರ್ 24ರ ವಿಚಾರಣೆಯಲ್ಲಿ, ಖಾತೆ ವ್ಯವಸ್ಥೆಯ ಕೆಲಸ ಮಾಡಿದ್ದ ಕ್ಯುಎಸ್‌ಎಸ್‌ಐ ಕಂಪನಿಯ ಪರವಾಗಿ ಆಂಡ್ರ್ಯೂ ಸ್ಲಾವಿಟ್ ಇದನ್ನೇ ಹೇಳಿದರು. ವಿಮೆ ನೋಡುವ ಮೊದಲೇ ನೋಂದಣಿ ಆಗಬೇಕು ಎಂದು ತಡವಾಗಿ ತೀರ್ಮಾನಿಸಿದ್ದರಿಂದ, ಒಂದೇ ಸಮಯಕ್ಕೆ ಅಷ್ಟೊಂದು ಜನ ಖಾತೆ ವ್ಯವಸ್ಥೆಯ ಮೇಲೆ ಬಿದ್ದಿರಬಹುದು ಎಂದರು. ಆಗ ಸರ್ಕಾರದ ಮುಖ್ಯ ತಂತ್ರಜ್ಞಾನ ಅಧಿಕಾರಿಯಾಗಿದ್ದ ಟಾಡ್ ಪಾರ್ಕ್ ಪತ್ರಿಕೆಗೆ ಹೇಳಿದ ಪ್ರಕಾರ, ಒಂದೇ ಹೊತ್ತಿಗೆ 50,000ದಿಂದ 60,000 ಜನ ಬರಬಹುದು ಎಂದುಕೊಂಡಿದ್ದರು, ಬಂದದ್ದು 2,50,000ದವರೆಗೆ. ಸಿಜಿಐ ಮತ್ತು ಕ್ಯುಎಸ್‌ಎಸ್‌ಐ ಎರಡೂ ತಮ್ಮ ಕೆಲಸ ಸರಿ ಇತ್ತು ಎಂದೇ ವಾದಿಸುತ್ತಿದ್ದವು ಎಂಬುದನ್ನು ಮರೆಯಬಾರದು. ಆದರೂ ಈ ಒಂದು ಅಂಶದಲ್ಲಿ ಸಾಕ್ಷ್ಯಗಳೆಲ್ಲ ಒಂದೇ ಕಡೆ ಬೊಟ್ಟು ಮಾಡುತ್ತವೆ.

ಪಕ್ಕದಲ್ಲೇ ಹೋಲಿಕೆಗೆ ಕೆಂಟಕಿ ಇದೆ. 44 ಲಕ್ಷ ಜನರ ಆ ರಾಜ್ಯ ಕೈನೆಕ್ಟ್ ಎಂಬ ತನ್ನದೇ ವೆಬ್‌ಸೈಟ್ ಕಟ್ಟಿತ್ತು. ಸರಳ ಪುಟಗಳು. ಖಾತೆ ತೆರೆಯದೆಯೇ ವಿಮೆಗಳನ್ನು ನೋಡಬಹುದಿತ್ತು. ಮೊದಲ ದಿನ ಬೆಳಿಗ್ಗೆ ಅಲ್ಲೂ ಕೆಲವು ಗಂಟೆ ತೊಂದರೆಯಾಯಿತು, ಆಮೇಲೆ ಸರಿಯಾಯಿತು. ದೇಶದಲ್ಲಿ ಚೆನ್ನಾಗಿ ನಡೆದ ವೆಬ್‌ಸೈಟ್‌ಗಳ ಪಟ್ಟಿಯಲ್ಲಿ ಅದರ ಹೆಸರು ಮೊದಲು ಬರುತ್ತಿತ್ತು. ಮೊದಲ ತಿಂಗಳ ಲೆಕ್ಕ ನೋಡಿದರೆ ಒಟ್ಟು 1,06,185 ಜನ ವಿಮೆ ಆರಿಸಿಕೊಂಡಿದ್ದರು. ಅದರಲ್ಲಿ 36 ರಾಜ್ಯಗಳ ಕೇಂದ್ರ ವೆಬ್‌ಸೈಟಿನಿಂದ ಬಂದವರು 26,794. ಉಳಿದವರೆಲ್ಲ ಸ್ವಂತ ವೆಬ್‌ಸೈಟ್ ಇದ್ದ ರಾಜ್ಯಗಳವರು. ರಾಜ್ಯಗಳದ್ದೆಲ್ಲ ಗೆಲುವು ಎಂದು ತಿಳಿಯಬೇಡಿ. ಒರೆಗಾನ್ ರಾಜ್ಯದ ವೆಬ್‌ಸೈಟ್ ಕೇಂದ್ರದ್ದಕ್ಕಿಂತ ಕೆಟ್ಟದಾಗಿ ಸೋತಿತು.

ಆತುರದ ತೇಪೆ, ಎರಡು ವಯಸ್ಸಿನ ಪೆಟ್ಟಿಗೆ

ಟೀಕೆ ಜೋರಾದಾಗ ಅಕ್ಟೋಬರ್ ಮಧ್ಯದ ಹೊತ್ತಿಗೆ ಒಂದು ಬೆಲೆ ನೋಡುವ ಪುಟ ಸೇರಿಸಿದರು. ಖಾತೆ ಬೇಡ. ಒಳ್ಳೆಯದೇ ಆಯಿತು ಅನಿಸುತ್ತದೆ. ಆದರೆ ಮಾಹಿತಿ ವಿನ್ಯಾಸದ ಪಾಠಕ್ಕೆ ಈ ಪುಟದಷ್ಟು ಒಳ್ಳೆಯ ಉದಾಹರಣೆ ಇಡೀ ಪ್ರಕರಣದಲ್ಲಿ ಇನ್ನೊಂದಿಲ್ಲ.

ಆ ಪುಟ ವಯಸ್ಸನ್ನು ಎರಡೇ ಗುಂಪಿನಲ್ಲಿ ಕೇಳಿತು. 49 ಅಥವಾ ಅದಕ್ಕಿಂತ ಕಡಿಮೆ. 50 ಅಥವಾ ಅದಕ್ಕಿಂತ ಜಾಸ್ತಿ. ಮೊದಲ ಗುಂಪಿನ ಎಲ್ಲರಿಗೂ 27 ವರ್ಷದವರ ಬೆಲೆ ತೋರಿಸಿತು. ಎರಡನೇ ಗುಂಪಿನ ಎಲ್ಲರಿಗೂ 50 ವರ್ಷದವರ ಬೆಲೆ. ಸಿಬಿಎಸ್ ಸುದ್ದಿವಾಹಿನಿ ಇದನ್ನು ಬಯಲು ಮಾಡಿತು.

ವ್ಯತ್ಯಾಸ ಎಷ್ಟು ಎಂದು ನೀವೇ ಲೆಕ್ಕ ಹಾಕಬಹುದು. ವಯಸ್ಸಿನ ಮೇಲೆ ಕಂತು ಹೇಗೆ ಏರಬೇಕು ಎಂಬುದಕ್ಕೆ ಕೇಂದ್ರ ಸರ್ಕಾರದ್ದೇ ಒಂದು ಕೋಷ್ಟಕ ಇತ್ತು. 21 ವರ್ಷದವರ ಕಂತನ್ನು 1 ಎಂದು ಹಿಡಿದರೆ, 27 ವರ್ಷಕ್ಕೆ 1.048, 49ಕ್ಕೆ 1.706, 50ಕ್ಕೆ 1.786, 64ಕ್ಕೆ 3. ಅಂದರೆ 49 ವರ್ಷದವರ ನಿಜವಾದ ಕಂತು ಪರದೆಯಲ್ಲಿ ಕಂಡದ್ದಕ್ಕಿಂತ ಶೇಕಡಾ 63ರಷ್ಟು ಜಾಸ್ತಿ. 64 ವರ್ಷದವರದ್ದು ಶೇಕಡಾ 68ರಷ್ಟು ಜಾಸ್ತಿ. ಸರ್ಕಾರದ ನೆರವು ಸಿಕ್ಕವರಿಗೆ ಬೆಲೆ ಇಳಿಯುತ್ತಿತ್ತು, ಹಾಗಾಗಿ ತಪ್ಪು ಎರಡೂ ದಿಕ್ಕಿಗೆ ಹೋಗಬಹುದಿತ್ತು. ನೋಡುವವರಿಗೆ ಮಾತ್ರ ಅದು ತಮ್ಮದೇ ಬೆಲೆ ಎಂಬ ನಂಬಿಕೆ. ವಯಸ್ಸಿನ ಗುಂಪು ಆರಿಸಿ ಎಂದಾಗ, ಆ ಗುಂಪಿನ ಸರಾಸರಿಯಾದರೂ ಸಿಗುತ್ತದೆ ಎಂದೇ ಯಾರಾದರೂ ತಿಳಿಯುತ್ತಾರೆ. ಗುಂಪಿನ ಕಡಿಮೆ ಬೆಲೆಯ ಕಡೆಯ ಒಬ್ಬರ ಬೆಲೆ ಸಿಗುತ್ತದೆ ಎಂದು ಯಾರೂ ಊಹಿಸುವುದಿಲ್ಲ.

ಇದಕ್ಕೆ ಕಷ್ಟದ ಪರಿಹಾರವೇನೂ ಬೇಕಿರಲಿಲ್ಲ. ವಯಸ್ಸನ್ನು ಅಂಕೆಯಲ್ಲಿ ಕೇಳಿದ್ದರೆ ಸಾಕಿತ್ತು. ಕೋಷ್ಟಕ ಸರ್ಕಾರದ ಕೈಯಲ್ಲೇ ಇತ್ತು. ವಿಮೆಗಳ ಬೆಲೆಯ ಪಟ್ಟಿಯನ್ನೂ ಸರ್ಕಾರ ಬಿಡುಗಡೆ ಮಾಡಿತ್ತು. ಅದೇ ಪಟ್ಟಿ ಇಟ್ಟುಕೊಂಡು ಸ್ಯಾನ್ ಫ್ರಾನ್ಸಿಸ್ಕೋದ ಮೂವರು ಯುವ ಪ್ರೋಗ್ರಾಮರ್‌ಗಳು ಕೆಲವೇ ದಿನಗಳಲ್ಲಿ ಹೆಲ್ತ್ ಶೆರ್ಪಾ ಎಂಬ ಪುಟ ಕಟ್ಟಿದರು. ಝಿಪ್ ಕೋಡ್ ಹಾಕಿ, ವಯಸ್ಸು ಮತ್ತು ಆದಾಯ ಹೇಳಿ, ಬೆಲೆ ನೋಡಿ. 2013ರ ನವೆಂಬರ್‌ನಲ್ಲಿ ಅದು ದೊಡ್ಡ ಸುದ್ದಿಯಾಯಿತು. ಸರ್ಕಾರಕ್ಕೆ ಕೋಟಿಗಟ್ಟಲೆ ಖರ್ಚಾದ ಕೆಲಸವನ್ನು ಮೂರು ಹುಡುಗರು ಮಾಡಿ ತೋರಿಸಿದರು ಎಂದು ಪತ್ರಿಕೆಗಳು ಬರೆದವು. ಆ ಮಾತು ಸರಿಯಲ್ಲ. ಅವರು ಗುರುತು ಪರೀಕ್ಷಿಸಲಿಲ್ಲ, ತೆರಿಗೆ ಇಲಾಖೆಯನ್ನು ಕೇಳಲಿಲ್ಲ, ವಿಮೆ ಮಾರಲಿಲ್ಲ. ಆದರೆ ಜನರ ಮೊದಲ ಪ್ರಶ್ನೆಗೆ ಉತ್ತರ ಕೊಡಲು ಅದ್ಯಾವುದೂ ಬೇಕಿರಲಿಲ್ಲ ಎಂಬುದನ್ನು ತೋರಿಸಿಬಿಟ್ಟರು. ಆ ಪುಟ ನನಗೆ ಇಷ್ಟವಾಗುವುದು ಅದಕ್ಕೇ.

ದುರಸ್ತಿ

ಅಕ್ಟೋಬರ್ ಮೂರನೇ ವಾರದ ಹೊತ್ತಿಗೆ ಜೆಫ್ ಝಿಯೆಂಟ್ಸ್ ಎಂಬುವರಿಗೆ ದುರಸ್ತಿಯ ಹೊಣೆ ಕೊಟ್ಟರು. ನವೆಂಬರ್ 30ರೊಳಗೆ ಹೆಚ್ಚಿನ ಜನರಿಗೆ ಸರಾಗವಾಗಿ ನಡೆಯುವಂತೆ ಮಾಡುತ್ತೇವೆ ಎಂದು ಅವರು ಮಾತು ಕೊಟ್ಟರು. ಗೂಗಲ್‌ನಿಂದ ಬಂದ ಮೈಕಿ ಡಿಕರ್ಸನ್ ಮತ್ತಿತರ ಎಂಜಿನಿಯರ್‌ಗಳು ಮೇರಿಲ್ಯಾಂಡ್‌ನಲ್ಲಿ ಕೂತು ಕೆಲಸ ಮಾಡಿದರು. ಅವರಿಗೆ ಮೊದಲು ಕಂಡ ಕೊರತೆ ಏನು ಗೊತ್ತಾ? ವೆಬ್‌ಸೈಟ್ ಈಗ ಹೇಗಿದೆ, ಯಾವ ಪುಟದಲ್ಲಿ ಜನ ನಿಂತುಹೋಗುತ್ತಿದ್ದಾರೆ ಎಂದು ತೋರಿಸುವ ಒಂದು ಡ್ಯಾಶ್‌ಬೋರ್ಡ್ ಕೂಡ ಇರಲಿಲ್ಲ. ನಡೆಸುವವರಿಗೇ ಮಾಹಿತಿ ಇಲ್ಲ. ಪದೇ ಪದೇ ಬೇಕಾಗುವ ಮಾಹಿತಿಯನ್ನು ಹತ್ತಿರ ಇಟ್ಟುಕೊಳ್ಳುವ ವ್ಯವಸ್ಥೆ ಕೂಡ ಇರಲಿಲ್ಲ. ಅದನ್ನು ಸೇರಿಸಿದ್ದರಿಂದಲೇ ಪುಟ ತೆರೆಯುವ ಸಮಯ 8 ಸೆಕೆಂಡಿನಿಂದ 2 ಸೆಕೆಂಡಿಗೆ ಇಳಿಯಿತು.

ಡಿಕರ್ಸನ್ ಸಭೆಗಳಿಗೆ ಮೂರು ನಿಯಮ ಹಾಕಿದರು. ಸಭೆ ಇರುವುದು ತೊಂದರೆ ಬಿಡಿಸಲು, ತಪ್ಪು ಯಾರದೆಂದು ಹೊರಿಸಲು ಅಲ್ಲ. ವಿಷಯ ಹೆಚ್ಚು ಗೊತ್ತಿದ್ದವರು ಮಾತಾಡಬೇಕು, ಹುದ್ದೆ ದೊಡ್ಡದಿದ್ದವರಲ್ಲ. ಮುಂದಿನ ಒಂದೆರಡು ದಿನಗಳಲ್ಲಿ ಪೆಟ್ಟು ಕೊಡುವ ವಿಷಯ ಮಾತ್ರ ಎತ್ತಬೇಕು.

ಡಿಸೆಂಬರ್ 1ರಂದು ಸರ್ಕಾರ ವರದಿ ಕೊಟ್ಟಿತು. 400ಕ್ಕೂ ಹೆಚ್ಚು ತಿದ್ದುಪಡಿಗಳಾಗಿದ್ದವು. ನವೆಂಬರ್ ಆರಂಭದ ವಾರದಲ್ಲಿ ವೆಬ್‌ಸೈಟ್ ನಡೆಯುತ್ತಿದ್ದದ್ದು ಶೇಕಡಾ 42.9ರಷ್ಟು ಸಮಯ ಮಾತ್ರ, ಕೊನೆಯ ವಾರದಲ್ಲಿ ಶೇಕಡಾ 95ಕ್ಕೂ ಹೆಚ್ಚು. ಪುಟಗಳ ದೋಷ ಶೇಕಡಾ 6ರಿಂದ ಶೇಕಡಾ 1ಕ್ಕಿಂತ ಕೆಳಗೆ ಬಂದಿತ್ತು. ಜನ ತುಂಬಿದಾಗ ತೋರಿಸುವ ಪುಟವೂ ಬದಲಾಯಿತು. ಈಗ ಸರದಿ ಇತ್ತು. ಬೇಕಾದರೆ ಇಮೇಲ್ ಕೊಟ್ಟು ಹೋಗಬಹುದು, ಬಿಡುವಾದಾಗ ಬನ್ನಿ ಎಂದು ಅವರೇ ತಿಳಿಸುತ್ತಿದ್ದರು. ಸಣ್ಣ ಬದಲಾವಣೆ ಇದು, ಆದರೆ ಕಾಯುವವರಿಗೆ ಗೌರವ ಕೊಡುವ ಬದಲಾವಣೆ.

2014ರ ಏಪ್ರಿಲ್ ಹೊತ್ತಿಗೆ ದೇಶದಲ್ಲಿ ಒಟ್ಟು 80 ಲಕ್ಷ ಜನ ವಿಮೆ ಆರಿಸಿಕೊಂಡರು. ಅದರಲ್ಲಿ 54 ಲಕ್ಷ ಕೇಂದ್ರದ ವೆಬ್‌ಸೈಟಿನಿಂದ. ಅಮೆರಿಕದ ಲೆಕ್ಕಪರಿಶೋಧನೆ ಸಂಸ್ಥೆಯ ಪ್ರಕಾರ 2014ರ ಮಾರ್ಚ್‌ವರೆಗೆ ಈ ವ್ಯವಸ್ಥೆಗೆ ಗೊತ್ತು ಮಾಡಿದ್ದ ಹಣ ಸುಮಾರು 84 ಕೋಟಿ ಡಾಲರ್.

76 ಪರದೆಯಿಂದ 16ಕ್ಕೆ

ವೆಬ್‌ಸೈಟ್ ಎದ್ದು ನಿಂತಿತು. ಆದರೆ ಅರ್ಜಿ ಇನ್ನೂ ಹಳೆಯದೇ. ಅದನ್ನು ಬದಲಿಸಲು ಒಂದು ಸಣ್ಣ ತಂಡ ಮೇರಿಲ್ಯಾಂಡ್‌ನ ಒಂದು ಬಾಡಿಗೆ ಮನೆಯಲ್ಲಿ ಕೂತಿತು. ತಂಡದಲ್ಲಿ ಪ್ರೋಗ್ರಾಮರ್‌ಗಳೂ ವಿನ್ಯಾಸಕರೂ ಒಟ್ಟಿಗೇ ಇದ್ದರು. ಹಳೆಯ ಅರ್ಜಿಯಲ್ಲಿ 76 ಪರದೆಗಳಿದ್ದವು. ಹೊಸದರಲ್ಲಿ 16. ಮೊಬೈಲ್‌ನಲ್ಲೂ ತುಂಬಬಹುದಿತ್ತು. ಹಳೆಯದನ್ನು ಶುರು ಮಾಡಿದವರಲ್ಲಿ ಕೊನೆ ಮುಟ್ಟುತ್ತಿದ್ದವರು ಶೇಕಡಾ 55, ಹೊಸದರಲ್ಲಿ ಶೇಕಡಾ 85. ಹಿಡಿಯುವ ಸಮಯ ಸುಮಾರು ಅರ್ಧ.

ಈ ಅಂಕಿಗಳನ್ನು ಹೇಳುವಾಗ ಒಂದು ಮಾತು ಸೇರಿಸಲೇಬೇಕು. ಹೊಸ ಅರ್ಜಿ ಸರಳ ಕುಟುಂಬಗಳಿಗೆ ಮಾತ್ರ. ಮನೆಯ ಪರಿಸ್ಥಿತಿ ಗೋಜಲಾಗಿದ್ದರೆ ಹಳೆಯ ದಾರಿಗೇ ಕಳಿಸುತ್ತಿದ್ದರು. ಹಾಗಾಗಿ 85 ಮತ್ತು 55ನ್ನು ಪಕ್ಕಪಕ್ಕ ಇಟ್ಟು ಗೆಲುವು ಸಾರುವುದು ಪೂರ್ತಿ ನ್ಯಾಯವಲ್ಲ. ಆದರೆ ನಿಜವಾದ ವಿನ್ಯಾಸದ ಕೆಲಸ ನಡೆದದ್ದು ಆ ವಿಂಗಡಣೆಯಲ್ಲೇ. ಹಳೆಯ ಅರ್ಜಿ ಎಲ್ಲರನ್ನೂ ಅತಿ ಕಷ್ಟದ ಪ್ರಕರಣ ಎಂದೇ ಭಾವಿಸಿ ಪ್ರಶ್ನೆ ಕೇಳುತ್ತಿತ್ತು. ಒಂಟಿಯಾಗಿರುವ, ಒಂದೇ ಸಂಬಳ ಬರುವ ವ್ಯಕ್ತಿಗೂ ಹತ್ತು ಬಗೆಯ ಆದಾಯದ ಬಗ್ಗೆ ವಿಚಾರಣೆ. ಹೊಸ ತಂಡ ಮೊದಲ ಕೆಲವು ಪ್ರಶ್ನೆಗಳಲ್ಲೇ ಸರಳ ಪ್ರಕರಣಗಳನ್ನು ಬೇರೆ ಮಾಡಿತು. ಹೆಚ್ಚಿನ ಜನರಿಗೆ ಚಿಕ್ಕ ದಾರಿ ಸಾಕಾಯಿತು. ಖಾತೆ ವ್ಯವಸ್ಥೆಯನ್ನೂ ಹೊಸದಾಗಿ ಕಟ್ಟಿದರು. ಹಳೆಯದಕ್ಕೆ 20 ಕೋಟಿ ಡಾಲರ್‌ಗೂ ಹೆಚ್ಚು ಹಣ ಹೋಗಿತ್ತು ಎಂದು ಆಗ ವರದಿಯಾಗಿತ್ತು. ಹೊಸದಕ್ಕೆ ಹೇಳಲಾದ ಖರ್ಚು 40 ಲಕ್ಷ ಡಾಲರ್.

ನಮ್ಮ ಕಡೆ ಇದೇ ಪ್ರಶ್ನೆ

ಇದು ದೂರದ ವಿಷಯ ಅನಿಸಬಹುದು. ರೈಲು ಟಿಕೆಟ್ ನೆನಪು ಮಾಡಿಕೊಳ್ಳಿ. 2018ರ ಮೇ ತಿಂಗಳಲ್ಲಿ ಐಆರ್‌ಸಿಟಿಸಿ ಹೊಸ ರೂಪದಲ್ಲಿ ಬಂದಾಗ, ಲಾಗಿನ್ ಆಗದೆಯೇ ರೈಲು ಹುಡುಕಿ ಸೀಟು ಇದೆಯೇ ಎಂದು ನೋಡುವ ಅವಕಾಶ ಸಿಕ್ಕಿತು. ಹಬ್ಬಕ್ಕೆ ಹುಬ್ಬಳ್ಳಿಗೋ ಮಂಗಳೂರಿಗೋ ಹೋಗಬೇಕಾದವರು ಹತ್ತು ಸಲ ಸೀಟು ನೋಡುತ್ತಾರೆ, ಒಂದು ಸಲ ಟಿಕೆಟ್ ತೆಗೆಯುತ್ತಾರೆ. ಹತ್ತು ಸಲ ನೋಡುವುದಕ್ಕೂ ಪಾಸ್‌ವರ್ಡ್ ಮತ್ತು ಕ್ಯಾಪ್ಚಾ ಯಾಕೆ ಬೇಕಿತ್ತು? ಆ ಬದಲಾವಣೆ ಸರಿಯಾದ ದಿಕ್ಕಿನದ್ದು.

ಎಲ್ಲರೂ ಆ ದಿಕ್ಕಿಗೆ ಹೋಗಿಲ್ಲ. ಇವತ್ತಿಗೂ ವಿಮೆಯ ಕಂತು ಎಷ್ಟು ಎಂದು ನೋಡಲು ಹೋದರೆ ಮೊದಲು ಮೊಬೈಲ್ ನಂಬರ್ ಕೇಳುವ, ಒಟಿಪಿ ಹಾಕಿಸಿಕೊಳ್ಳುವ ವೆಬ್‌ಸೈಟ್‌ಗಳು ನಮ್ಮಲ್ಲಿ ಧಾರಾಳವಾಗಿವೆ. ಬೆಲೆ ಕಾಣುವ ಮೊದಲೇ ಏಜೆಂಟ್‌ನ ಫೋನ್ ಬಂದಿರುತ್ತದೆ. ಅಲ್ಲಿ ಬಾಗಿಲು ಹಾಕಿರುವುದು ಮಾರಾಟಕ್ಕಾಗಿ, ಹೆಲ್ತ್‌ಕೇರ್ ಡಾಟ್ ಗವ್‌ನಲ್ಲಿ ಹಾಕಿದ್ದು ನಿಖರತೆಗಾಗಿ. ಬಾಗಿಲ ಹೊರಗೆ ನಿಂತವರಿಗೆ ಎರಡರಲ್ಲೂ ಕಷ್ಟ ಒಂದೇ.

ಬೆಲೆ ಕಂಡ ಮೇಲೆ

2014ರ ನವೆಂಬರ್‌ನಲ್ಲಿ ಎರಡನೇ ವರ್ಷದ ನೋಂದಣಿ ಶುರುವಾಗುವ ಮೊದಲೇ ಬೆಲೆ ನೋಡುವ ಪುಟ ತೆರೆಯಿತು. ನೋಂದಣಿ ಶುರುವಾದದ್ದು 15ರಂದು. ಅದಕ್ಕೂ ಕೆಲವು ದಿನ ಮೊದಲೇ ಜನ ಖಾತೆ ಇಲ್ಲದೆ, ತಮ್ಮದೇ ವಯಸ್ಸು, ಆದಾಯ, ಮನೆಯವರ ವಿವರ ಕೊಟ್ಟು, ನೆರವು ಕಳೆದ ಅಂದಾಜು ಬೆಲೆಯನ್ನೇ ನೋಡಿದರು. ಮೊದಲ ವರ್ಷ ಆಗುವುದಿಲ್ಲ ಎಂದುಕೊಂಡದ್ದು ಇದೇ. ಆದಾಯವನ್ನು ನೋಡುವವರೇ ಹೇಳಿದರೆ ಸಾಕು. ಅದು ನಿಜವೇ ಎಂದು ಪರೀಕ್ಷಿಸುವುದು ಕೊಳ್ಳುವಾಗಿನ ಕೆಲಸ.

ಆಗ ಮುಂದಿನ ತೊಡಕು ಕಾಣತೊಡಗಿತು. ಬೆಲೆ ಎಂದರೆ ತಿಂಗಳ ಕಂತು ಮಾತ್ರವಲ್ಲ. ವಿಮೆಗಳನ್ನು ಕಂಚು, ಬೆಳ್ಳಿ, ಚಿನ್ನ, ಪ್ಲಾಟಿನಂ ಎಂದು ನಾಲ್ಕು ದರ್ಜೆಯಾಗಿ ಮಾಡಿದ್ದರು. ಸರಾಸರಿ ಲೆಕ್ಕದಲ್ಲಿ ಕಂಚಿನದು ಚಿಕಿತ್ಸೆಯ ಖರ್ಚಿನ ಶೇಕಡಾ 60 ಭರಿಸುತ್ತದೆ, ಪ್ಲಾಟಿನಂ ಶೇಕಡಾ 90. ಕಂಚಿನದರ ಕಂತು ಕಡಿಮೆ, ಆದರೆ ಡಿಡಕ್ಟಿಬಲ್ ದೊಡ್ಡದು. ಅಂದರೆ ವಿಮೆ ಕಂಪನಿ ಹಣ ಕೊಡಲು ಶುರು ಮಾಡುವ ಮೊದಲು ವರ್ಷಕ್ಕೆ ಇಷ್ಟು ನೀವೇ ಕೊಡಬೇಕು ಎಂಬ ಮೊತ್ತ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಜಾರ್ಜ್ ಲೋವೆನ್‌ಸ್ಟೈನ್ ಮತ್ತು ಜೊತೆಗಾರರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಗಲೇ ವಿಮೆ ಇದ್ದವರಿಗೆ ಡಿಡಕ್ಟಿಬಲ್‌ನಂಥ ನಾಲ್ಕು ಪದಗಳ ಬಗ್ಗೆ ಸರಳ ಪ್ರಶ್ನೆ ಕೇಳಿದ್ದರು. ನಾಲ್ಕಕ್ಕೂ ಸರಿ ಉತ್ತರ ಕೊಟ್ಟವರು ಶೇಕಡಾ 14. ಕೊಲಂಬಿಯಾ ವಿಶ್ವವಿದ್ಯಾಲಯದ ಎರಿಕ್ ಜಾನ್ಸನ್ ತಂಡ ಅದೇ ವರ್ಷ ತೋರಿಸಿದ್ದು, ಹಲವು ವಿಮೆಗಳ ಪಟ್ಟಿ ಎದುರಿಗಿದ್ದಾಗ ಅಗ್ಗದ್ದನ್ನು ಆರಿಸುವುದರಲ್ಲಿ ಜನರ ಆಯ್ಕೆ ಹೆಚ್ಚುಕಡಿಮೆ ಚೀಟಿ ಎತ್ತಿದಷ್ಟೇ ಸರಿಯಾಗಿತ್ತು ಎಂದು. ವರ್ಷದ ಒಟ್ಟು ಖರ್ಚನ್ನು ಲೆಕ್ಕ ಹಾಕಿ ಕೊಡುವ ಒಂದು ಸಾಧನ ಇಟ್ಟಾಗ ಆಯ್ಕೆ ಸುಧಾರಿಸಿತು. ಸರಿಯಾದ ವಿಮೆಯನ್ನು ಮೊದಲೇ ಗುರುತು ಹಾಕಿಟ್ಟಾಗ ಇನ್ನೂ ಸುಧಾರಿಸಿತು.

2015ರ ಕೊನೆಗೆ ಶುರುವಾದ ನೋಂದಣಿಗೆ ಹೆಲ್ತ್‌ಕೇರ್ ಡಾಟ್ ಗವ್ ಆ ಲೆಕ್ಕದ ಸಾಧನವನ್ನು ತಂದಿತು. ನೀವು ವೈದ್ಯರ ಬಳಿ ಹೋಗುವುದು ಕಡಿಮೆಯೋ, ಮಧ್ಯಮವೋ, ಜಾಸ್ತಿಯೋ ಎಂದು ಕೇಳಿ, ಕಂತು ಮತ್ತು ಕೈಯಿಂದ ಹೋಗುವ ಹಣ ಎರಡನ್ನೂ ಕೂಡಿಸಿ ವರ್ಷದ ಅಂದಾಜು ತೋರಿಸುವ ಸಾಧನ ಅದು. ನಿಮ್ಮ ವೈದ್ಯರು ಯಾವ ವಿಮೆಯಲ್ಲಿದ್ದಾರೆ, ನಿಮ್ಮ ಔಷಧ ಯಾವುದರಲ್ಲಿ ಸಿಗುತ್ತದೆ ಎಂದು ಹುಡುಕುವ ಸೌಲಭ್ಯಗಳೂ ಆ ಅವಧಿಯಲ್ಲೇ ಒಂದೊಂದಾಗಿ ಬಂದವು. ವೈದ್ಯರ ಮತ್ತು ಔಷಧಗಳ ಪಟ್ಟಿಯನ್ನು ಕೊಡಬೇಕಾದದ್ದು ವಿಮೆ ಕಂಪನಿಗಳು. ಆ ಪಟ್ಟಿಗಳನ್ನು ಯಂತ್ರ ಓದುವ ರೂಪದಲ್ಲಿ ಎಲ್ಲರಿಗೂ ಸಿಗುವಂತೆ ಪ್ರಕಟಿಸಬೇಕು ಎಂದು ಸಿಎಂಎಸ್ 2016ರ ವಿಮೆಗಳಿಂದ ಶುರುಮಾಡಿ ಕಂಪನಿಗಳಿಗೆ ಕಡ್ಡಾಯ ಮಾಡಿತು. ಆ ವೇಳೆಗೆ ಸಿಎಂಎಸ್‌ನ ಹಂಗಾಮಿ ಮುಖ್ಯಸ್ಥರಾಗಿ ಬಂದಿದ್ದವರು, ಎರಡು ವರ್ಷ ಹಿಂದೆ ಸಮಿತಿಯ ಮುಂದೆ ಸಾಕ್ಷಿ ಹೇಳಿದ್ದ ಆಂಡ್ರ್ಯೂ ಸ್ಲಾವಿಟ್.